ಯಾವ ಆಯ್ತು?

ನಮ್ಮ ಮನೆಯಲ್ಲಿ ಈಚೆಗೆ ಕರಿಬೇವು ತರುವುದೂ ಜಗಳದ ವಿಷಯವಾಗಿದೆ. ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ಸರೋಜ ಅಡುಗೆಮನೆಯಿಂದ, "ಬರ್ತಾ ಒಂಚೂರು ಕರಿಬೇವು ತನ್ನಿ" ಎಂದು ಕೂಗುತ್ತಾಳೆ. "ಕೇಳಿಸ್ತು" ಎನ್ನುತ್ತೇನೆ ನಾನು. ಅಷ್ಟಕ್ಕೇ ಅವಳ ಪಿತ್ತ ನೆತ್ತಿಗೇರುತ್ತದೆ.

"ಕೇಳಿಸ್ತು ಅಂದ್ರೆ ಏನ್ರೀ? ನಿಮ್ಮ ಕಿವಿ ನೆಟ್ಟಗಿದೆಯಾ ಅಂತ ಕೇಳಿದ್ನಾ ನಾನು? ತತ್ತೀರೋ ಇಲ್ವೋ ಹೇಳಿ."

"ತರ್ತೀನಿ ಕಣೆ."

"ಅಂಗಾದ್ರೆ ಎಲ್ರಂಗೆ ಆಯ್ತು ಅನ್ನೋಕೆ ಏನ್ ದೊಡ್ರೋಗ ನಿಮಗೆ?"

ರೋಗವೇ ಇರಬೇಕು. ನಾನು ಆ ಮಾತು ಆಡುವುದನ್ನು ಬಿಟ್ಟಿದ್ದೇನೆ. ಕಾಫಿ ಬಿಟ್ಟವರು, ಬೀಡಿ ಬಿಟ್ಟವರು, ಕೊನೆಗೆ ಹೆಂಡತಿಯನ್ನೇ ಬಿಟ್ಟವರು ಕೂಡ ನಮ್ಮ ಮಧುಗಿರಿಯಲ್ಲಿ ಸಿಕ್ಕಾರು. 'ಆಯ್ತು' ಎನ್ನುವುದನ್ನು ಬಿಟ್ಟವನು ನಾನೊಬ್ಬನೇ. ನೀವೂ ಒಮ್ಮೆ ಬಿಟ್ಟು ನೋಡಿ, ಕಷ್ಟ ಗೊತ್ತಾಗುತ್ತದೆ. ಕ್ಷೌರದಂಗಡಿಯವನು "ಮೀಸೆ ಒಂಚೂರು ಸಣ್ಣ ಮಾಡ್ಲಾ ಮೇಷ್ಟ್ರೇ?" ಎಂದರೆ, "ಕೇಳಿಸ್ತು" ಎಂದು ಕೂತಿರುತ್ತೇನೆ. ಅವನು ಕತ್ತರಿ ಎತ್ತಿ ಹಿಡಿದು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕಾಯುತ್ತಾನೆ. ನಾನೂ ಅವನನ್ನೇ ನೋಡುತ್ತೇನೆ. ಮೇಷ್ಟ್ರಿಗೆ ಕೆಟ್ಟಿರುವುದು ಕಿವಿಯಲ್ಲ, ತಲೆ ಎಂಬ ಅಭಿಪ್ರಾಯ ಊರಲ್ಲಿ ಮೆಲ್ಲಗೆ ಬಲಿಯುತ್ತಿದೆ.

ಇದಕ್ಕೆಲ್ಲ ಕಾರಣ ಒಂದು ಆಫೀಸು, ಹಾಲೆಂಡಿನ ಒಬ್ಬ ಸಾಹೇಬ, ಮತ್ತು ಈಗ ನಮ್ಮ ನಡುವೆ ಇಲ್ಲದ ಗೌತಮಿ. ಆ ಹುಡುಗಿಯ ಹೆಸರು ಬಂದ ಕೂಡಲೇ ತಮಾಷೆ ಮಾಡುವ ನನ್ನ ಬಾಯಿ ಒಣಗುತ್ತದೆ. ಆದರೂ ಹೇಳುತ್ತೇನೆ. ಅವಳೇ ಇದ್ದಿದ್ದರೆ ಇದನ್ನೆಲ್ಲ ನನಗಿಂತ ಚೆನ್ನಾಗಿ, ನನ್ನನ್ನೇ ಅಣಕಿಸುತ್ತಾ ಹೇಳುತ್ತಿದ್ದಳು.

ನಾನು ಟೈಪಿಂಗ್ ಮೇಷ್ಟ್ರು. ಬಸ್‌ಸ್ಟ್ಯಾಂಡಿನ ಹತ್ತಿರ, ಹಾರ್ಡ್‌ವೇರ್ ಅಂಗಡಿಯ ಮೇಲೆ ಎರಡು ಮಹಡಿ ಹತ್ತಿದರೆ ನನ್ನ ಇನ್‌ಸ್ಟಿಟ್ಯೂಟು. ಈ ತಾಲ್ಲೂಕಿನ ಎಷ್ಟೋ ಗುಮಾಸ್ತರ ಬೆರಳು ಪಳಗಿದ್ದು ನನ್ನ ಮಿಷನ್ನುಗಳ ಮೇಲೆ. ಆ ಟಕಟಕ ಕೇಳಿ ಕೇಳಿ, ಈಗಲೂ ತಗಡಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, "ಬೆನ್ನು ನೆಟ್ಟಗೆ!" ಎಂದು ಗದರುವ ಹಾಗಾಗುತ್ತದೆ. ಕಾಲ ಬದಲಾಯಿತು. ಮಿಷನ್ನುಗಳು ಗೋಣಿಚೀಲ ಹೊದ್ದು ಮೂಲೆ ಸೇರಿದವು, ಕಂಪ್ಯೂಟರುಗಳು ಬಂದವು. ಕೀಲಿಮಣೆ ಅದೇ ತಾನೆ, ಇನ್ನು ಕಲಿಯುವುದೇನಿದೆ ಎಂದು ನಾನು ಅವುಗಳ ಮುಂದೆಯೂ ಮೇಷ್ಟ್ರಾಗಿಯೇ ಕೂತೆ.

ಯಾನ್ ಎಂಬ ಆ ಸಾಹೇಬ ಬಂದದ್ದು ಮಧುಗಿರಿ ಬೆಟ್ಟ ಹತ್ತಲು. ಇಳಿಯುವಾಗ ಕಾಲು ಉಳುಕಿತು. ಬೆಟ್ಟದ ಬುಡದಿಂದ ಅವನನ್ನು ಕರೆತಂದ ಆಟೋದವನು, ಆಸ್ಪತ್ರೆಗೆ ಹೋಗುವುದು ಬಿಟ್ಟು, "ಇಂಗ್ಲಿಷ್ ಬರೋ ಮೇಷ್ಟ್ರು ಅಂದ್ರೆ ನೀವೇ ಅಲ್ವಾ" ಎಂದು ನನ್ನ ಮಹಡಿಗೆ ಹತ್ತಿಸಿಬಿಟ್ಟ. ಉಳುಕಿದ ಕಾಲಲ್ಲಿ ಇನ್ನೆರಡು ಮಹಡಿ! ನನಗೆ ಬರುತ್ತಿದ್ದ ಇಂಗ್ಲಿಷೋ, 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುವಾಗಿ 'ತಮ್ಮ ವಿಧೇಯ' ಎಂದು ಮುಗಿಯುವಂಥದ್ದು. ಅದರಲ್ಲೇ ಉಪಚಾರ ಮಾಡಿದೆ. ಜ್ಯೂಸ್ ಅಂಗಡಿಯಿಂದ ಐಸ್ ತರಿಸಿ, ಬಕೀಟಿನಲ್ಲಿ ಅವನ ಕಾಲಿಡಿಸಿ, ಎದುರಿಗೆ ಕೂತು ಕಷ್ಟಸುಖ ಕೇಳಿದೆ.

ಅವನದು ಅಲ್ಲಿ ಒಂದು ಸಣ್ಣ ಕಂಪನಿಯಂತೆ. ಹೂವಿನ ನರ್ಸರಿಗಳಿಗೆ ಪ್ರೋಗ್ರಾಮು ಬರೆದುಕೊಡುವ ಕೆಲಸ. ಗಾಜಿನ ಮನೆಯೊಳಗೆ ಯಾವ ಸಾಲಿನ ಗಿಡಕ್ಕೆ ಯಾವಾಗ ನೀರು ಬಿಡಬೇಕು, ಯಾವ ವಾಲ್ವ್ ತೆರೆಯಬೇಕು, ಎಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ನಮ್ಮೂರ ನೀರುಗಂಟಿ ಮಾಡುವುದನ್ನೇ ಅದು ಮಾಡುತ್ತದೆ, ನಡುವೆ ಬೀಡಿ ಸೇದಲು ಹೋಗುವುದಿಲ್ಲ ಅಷ್ಟೇ. ಇಂಡಿಯಾದಲ್ಲಿ ಒಂದು ಆಫೀಸು ತೆರೆಯಬೇಕೆಂದು ದೊಡ್ಡ ಊರಿನಲ್ಲಿ ಮಾಡಿ ನೋಡಿದನಂತೆ. ಕುರ್ಚಿ ಬೆಚ್ಚಗಾಗುವಷ್ಟರಲ್ಲಿ ಜನ ಎದ್ದು ಬೇರೆ ಕಂಪನಿಗೆ ಹೋಗುತ್ತಿದ್ದರು. ಊರು ಬಿಟ್ಟು ಓಡದವರು ಬೇಕು ಎಂದ. "ಇಲ್ಲಿ ಒಳ್ಳೆಯ ಪ್ರೋಗ್ರಾಮರುಗಳು ಸಿಗುತ್ತಾರಾ?" ಎಂದು ಕೇಳಿದ.

"ಓಹೋ, ಬೇಕಾದಷ್ಟು!" ಎಂದೆ.

ನಮ್ಮ ಕಡೆಯವರ ಗುಣವೇ ಅದು. ಅಡ್ರೆಸ್ಸು ಕೇಳಿದವನಿಗೆ 'ಗೊತ್ತಿಲ್ಲ' ಎನ್ನುವುದು ಅಗೌರವ. ಗೊತ್ತಿಲ್ಲದಿದ್ದರೂ ಕೈ ಎತ್ತಿ ಯಾವುದಾದರೂ ಒಂದು ದಿಕ್ಕು ತೋರಿಸಿಯೇ ಕಳಿಸುತ್ತೇವೆ. ಪಾಪ, ಅವನು ನಂಬಿದ. ಒಂದು ವರ್ಷ ನಿಮ್ಮ ಮಹಡಿಯಲ್ಲೇ ನಡೆಸೋಣ, ಮುಂದಿನ ವರ್ಷ ನಾನೇ ಬಂದು ನೋಡುತ್ತೇನೆ, ಕೆಲಸ ಚೆನ್ನಾಗಿದ್ದರೆ ಆಫೀಸು ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಹಾಕೋಣ ಎಂದು ಹೇಳಿ, ಕುಂಟುತ್ತಾ ವಿಮಾನ ಹತ್ತಿದ. ಯಾನ್ ಎನ್ನುವ ಹೆಸರು ಬೋಳುಬೋಳಾಗಿ ಕಂಡದ್ದರಿಂದ ನಾವು ಅವನನ್ನು ಯಾನಪ್ಪ ಎಂದು ಕರೆದೆವು. ಫೋನಿನಲ್ಲಿ "ಏನಪ್ಪ ಯಾನಪ್ಪ" ಎಂದರೆ ತನ್ನ ಹೆಸರನ್ನೇ ಎರಡು ಸಲ ಕರೆಯುತ್ತಿದ್ದಾರೆಂದು ಅವನು ಬಹಳ ದಿನ ತಿಳಿದಿದ್ದ.

ಸರಿ, ಬೋರ್ಡು ಬರೆಸಿದೆ: 'ಸಾಫ್ಟ್‌ವೇರ್ ಔಟ್‌ಸೋರ್ಸಿಂಗ್ ಕಚೇರಿ'. ಅದೇ ಮೊದಲ ಎಡವಟ್ಟು. ಕೊರಟಗೆರೆಯಿಂದ ಒಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಚುರುಕಾಗಿದ್ದ. ಅಪ್ಪ ಬೋರ್ಡನ್ನು ಇನ್ನೊಮ್ಮೆ ಓದಿ ಮುಖ ಹುಳ್ಳಗೆ ಮಾಡಿಕೊಂಡರು.

"ಮೇಷ್ಟ್ರೇ, ಔಟ್‌ಸೋರ್ಸು ಅಂದ್ರೆ ನಮ್ ತಾಲ್ಲೂಕಾಫೀಸಲ್ಲಿ ಜೀಪ್ ಓಡಿಸ್ತಾನಲ್ಲ, ಅವ್ನಂಗೇ ತಾನೆ? ವರ್ಷ ವರ್ಷ ತೆಗ್ದಾಕ್ಬುಡ್ತಾರೆ. ಪರ್ಮನೆಂಟ್ ಯಾವಾಗ ಮಾಡ್ತೀರಾ?"

"ಇದು ಅಂಥದ್ದಲ್ಲ ಸ್ವಾಮಿ. ಹಾಲೆಂಡಿನ ಕಂಪನಿಯೇ ನಮಗೆ ಔಟ್‌ಸೋರ್ಸ್ ಕೊಟ್ಟಿರೋದು."

"ಓ, ಹಾಲೆಂಡೂ ಔಟ್‌ಸೋರ್ಸಾ! ಪಾಪ" ಎಂದು ಅವರು ಮಗನ ಕೈ ಹಿಡಿದು ಇಳಿದೇ ಹೋದರು.

ಬೋರ್ಡು ಅಳಿಸಿ, 'ಕಂಪ್ಯೂಟರ್ ಪ್ರೋಗ್ರಾಂ ಮಾಡುವವರು ಬೇಕಾಗಿದ್ದಾರೆ' ಎಂದು ಬರೆಯಲು ಹೇಳಿದೆ. ಪೇಂಟರ್ ಜಾಗ ಸಾಲದೆ 'ಕಂಪ್ಯೂಟರ್' ಬಿಟ್ಟುಬಿಟ್ಟ. ಮೂರನೇ ದಿನಕ್ಕೆ ಶಿರಾದಿಂದ ಬ್ಯಾಂಡ್‌ಸೆಟ್ಟಿನ ಚಾಚಾ ಒಬ್ಬರು ತುತ್ತೂರಿ ಸಮೇತ ಬಂದರು. "ಪ್ರೋಗ್ರಾಂ ಕಹಾಂ ಮೇಷ್ಟ್ರೇ? ಶಾದೀದಾ, ಉರುಸ್‌ದಾ? ನಮ್ದು ಫುಲ್ ಪಾರ್ಟಿ ಇದೆ" ಎಂದರು. ವಿಷಯ ತಿಳಿದ ಮೇಲೆ ಬಹಳ ಹೊತ್ತು ನಕ್ಕು, "ಅರೆ, ನಮ್ ಅಣ್ಣನ್ ಮಗ ಇಮ್ರಾನ್ ಇದಾನಲ್ಲ, ದಿನಾ ಅದೇ ಕಂಪ್ಯೂಟರ್ ಮುಂದೆ ಕೂತ್ಕೊಂಡು ಕಣ್ಣು ಹಾಳ್ ಮಾಡ್ಕೊತಾನೆ. ಕಳಿಸ್ಲಾ?" ಎಂದರು. ಹಾಗೆ ನನಗೆ ಮೊದಲ ಪ್ರೋಗ್ರಾಮರ್ ಸಿಕ್ಕಿದ್ದು ತುತ್ತೂರಿಯ ದೆಸೆಯಿಂದ. ಬುಕ್ಕಾಪಟ್ಟಣದಿಂದ ಬಂದ ಇನ್ನೊಬ್ಬ, ಕಂಪ್ಯೂಟರ್ ಪೂರ್ತಿ ಗೊತ್ತು ಎಂದ. ಗೊತ್ತಿತ್ತು ಕೂಡ; ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಕೊಟ್ಟು ಹೋದ.

ಗೌತಮಿ ಬಂದದ್ದು ಒಂದು ಸೋಮವಾರ. ಬಾಗಿಲಲ್ಲಿ ನಿಂತು, ಒಂದು ಕೈಯಿಂದ ಚೌಕಟ್ಟು ಹಿಡಿದು, ಇನ್ನೊಂದು ಅಂಗೈಯನ್ನು ನನ್ನತ್ತ ಎತ್ತಿ, 'ತಡೀರಿ' ಎಂಬಂತೆ ಸನ್ನೆ ಮಾಡಿದಳು. ಉಸಿರು ಹತೋಟಿಗೆ ಬಂದ ಮೇಲೆ, "ಮೆಟ್ಲು ಜಾಸ್ತಿ ಸಾರ್ ನಿಮ್ದು" ಎಂದಳು. ಪಾವಗಡದ ಆಚೆ, ಆಂಧ್ರದ ಗಡಿಗೆ ತಾಗಿದ ಹಳ್ಳಿಯವಳು. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು, ತೀರಿಕೊಂಡಿದ್ದಾರೆ. ಅಮ್ಮ ಅಂಗನವಾಡಿಯಲ್ಲಿ ಇದ್ದಾರೆ. ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಿಟ್ಟು ಬಂದಿದ್ದಳು. ಯಾಕಮ್ಮ ಬಿಟ್ಟೆ ಎಂದೆ. "ಅಲ್ಲಿ ಉಸಿರು ಕಟ್ಟುತ್ತೆ ಸಾರ್" ಎಂದಳು. ನಾನು ಅದನ್ನು ಮಾತಿಗೆ ಆಡುವ ಮಾತು ಎಂದುಕೊಂಡೆ.

ಯಾನಪ್ಪ ವಿಡಿಯೋದಲ್ಲಿ ಅವಳನ್ನು ಪರೀಕ್ಷೆ ಮಾಡಲು ಕೂತ. ಏನೇನೋ ಕೇಳಿದ, ಅವಳು ಉತ್ತರ ಹೇಳುತ್ತಾ ಹೋದಳು. ನನಗೆ ಒಂದಕ್ಷರ ತಿಳಿಯದಿದ್ದರೂ ಮೇಷ್ಟ್ರ ಗತ್ತಿನಲ್ಲಿ ತಲೆಯಾಡಿಸುತ್ತಿದ್ದೆ. ಕೊನೆಗೆ ಅವಳೇ ಒಂದು ಪ್ರಶ್ನೆ ಕೇಳಿದಳು: ಗಿಡಕ್ಕೆ ನೀರು ಸಾಕು ಅಂತ ನಿಮ್ಮಲ್ಲಿ ಯಾರು ಹೇಳುತ್ತಾರೆ, ಗಿಡವೋ ಗಡಿಯಾರವೋ? ಯಾನಪ್ಪ ಗಟ್ಟಿಯಾಗಿ ನಕ್ಕ. ಈವರೆಗೆ ಗಡಿಯಾರ ಹೇಳುತ್ತಿತ್ತು, ಇನ್ನು ಗಿಡ ಹೇಳುವಂತೆ ನೀನು ಮಾಡು ಎಂದ. ಅವಳು ಅಲ್ಲೇ ಒಂದು ಕೊಠಡಿ ಹಿಡಿದು ಮಧುಗಿರಿಯಲ್ಲಿ ಉಳಿದಳು. ಶನಿವಾರ ಪಾವಗಡದ ಬಸ್ಸು ಹತ್ತಿ ಅಮ್ಮನ ಹತ್ತಿರ ಹೋಗಿ ಸೋಮವಾರ ಬರುವಳು. ಮೇಜಿನ ಮೇಲೆ ಒಂದು ಪುಟ್ಟ ಬುದ್ಧನನ್ನು ಇಟ್ಟುಕೊಂಡಿದ್ದಳು. ಕೆಲಸ ಕೆಟ್ಟಾಗ ಅವನ ಮುಖ ಗೋಡೆಯ ಕಡೆಗೆ ತಿರುಗಿಸಿ, "ನೀನು ನೋಡ್ಬೇಡ ಸ್ವಾಮಿ, ಬೇಜಾರಾಗುತ್ತೆ" ಎನ್ನುತ್ತಿದ್ದಳು.

ಮಳೆಗೆ ಕಣ್ಣು ಕಣ್ಣು ಬಿಡುವ ಊರಿನಲ್ಲಿ ಕೂತು ಹಾಲೆಂಡಿನ ಗುಲಾಬಿಗೆ ನೀರು ಬಿಡುವ ಭಾಗ್ಯ ನಮ್ಮದು. ಕೆಳಗೆ ಹಾರ್ಡ್‌ವೇರ್ ಅಂಗಡಿಯವನು ಟ್ಯಾಂಕರ್‌ಗೆ ಫೋನು ಹಚ್ಚುತ್ತಿರುವಾಗ ಮೇಲೆ ಇಮ್ರಾನ್, "ಸಾರ್, ನಾಲ್ಕನೇ ಮನೆಗೆ ನೀರು ಜಾಸ್ತಿ ಆಯ್ತು" ಎಂದು ಕೂಗುತ್ತಿದ್ದ.

ಆಗ ನಡೆಯಿತು ನೋಡಿ ಆ ಅನಾಹುತ. ಯಾನಪ್ಪ ಒಂದು ಶುಕ್ರವಾರ ಇಮ್ರಾನನಿಗೆ ಮೆಸೇಜು ಕಳಿಸಿದ: ಒಂದು ನರ್ಸರಿಯಲ್ಲಿ ಭಾನುವಾರ ಬಂದರೆ ವಾಲ್ವ್ ತೆರೆಯುತ್ತಿಲ್ಲ, ಪ್ರೋಗ್ರಾಮು ಸರಿಮಾಡು. ಇಮ್ರಾನ್ ತಕ್ಷಣ 'ಡನ್ ಸರ್' ಎಂದು ಉತ್ತರಿಸಿದ. ಅವನ ಮನಸ್ಸಿನಲ್ಲಿ ಇದ್ದದ್ದು ನಮ್ಮ 'ಆಯ್ತು ಸಾರ್'. ನೀವು ಹೇಳಿದ್ದು ತಿಳಿಯಿತು, ತಲೆಯ ಮೇಲೆ ಹೊತ್ತು ಮಾಡುತ್ತೇನೆ ಎಂಬ ವಿನಯ. ಮಾಡುವುದು ಸೋಮವಾರ. ಅಲ್ಲಿ ಯಾನಪ್ಪ ಅದನ್ನು ಮುಗಿಯಿತು ಎಂದು ಓದಿಕೊಂಡು, ನರ್ಸರಿಯವನಿಗೂ ಮಾತು ಕೊಟ್ಟು ನಿದ್ದೆ ಮಾಡಿದ. ಸೋಮವಾರ ಬೆಳಿಗ್ಗೆ ಒಂದು ಮನೆ ತುಂಬ ಸಸಿಗಳು ತಲೆ ಬಾಗಿಸಿಕೊಂಡು ನಿಂತಿದ್ದವು.

ವಿಡಿಯೋದಲ್ಲಿ ಯಾನಪ್ಪನ ಮುಖ ಕೆಂಡವಾಗಿತ್ತು. ನೀನು ಸುಳ್ಳು ಹೇಳಿದೆ ಎಂದ. ಇಮ್ರಾನನ ಕಣ್ಣಲ್ಲಿ ನೀರು. "ಖುದಾ ಕಸಂ ಸಾರ್, ನಾನು ಆಯ್ತು ಅಂದೆ. ಮುಗೀತು ಅಂತ ಎಲ್ಲಿ ಹೇಳ್ದೆ?" ಎಂದು ನನ್ನನ್ನು ಕೇಳುತ್ತಾನೆ. ನನಗೂ ಇದರಲ್ಲಿ ತಪ್ಪೇನೆಂದು ಥಟ್ಟನೆ ಹೊಳೆಯಲಿಲ್ಲ. ಗೌತಮಿಯೇ ಕುರ್ಚಿ ಎಳೆದುಕೊಂಡು ಯಾನಪ್ಪನಿಗೆ ಪಾಠ ಮಾಡಿದಳು. ನಮ್ಮ ಭಾಷೆಯಲ್ಲಿ ಆಯ್ತು ಎರಡಿವೆ ಸಾರ್. ಒಂದನೇ ಆಯ್ತು, ಕೇಳಿಸಿತು, ಮಾಡುತ್ತೇನೆ ಅಂತ. ಎರಡನೇ ಆಯ್ತು, ಮಾಡಿ ಮುಗಿಸಿದೆ ಅಂತ. ಇವನು ಹೇಳಿದ್ದು ಒಂದನೇದು, ನೀವು ಕೇಳಿಸಿಕೊಂಡಿದ್ದು ಎರಡನೇದು. ಯಾನಪ್ಪ ತಲೆ ಹಿಡಿದುಕೊಂಡ. ಇಷ್ಟೊಂದು ಜನ ಒಂದೇ ಮಾತಿನಲ್ಲಿ ಹೇಗೆ ಸಂಸಾರ ಮಾಡುತ್ತೀರಿ ಎಂದ.

"ನಮ್ ಕಡೆ ತೆಲುಗಲ್ಲಿ ಈ ತಾಪತ್ರಯ ಇಲ್ಲ ಸಾರ್" ಎಂದು ಆಮೇಲೆ ನನ್ನನ್ನು ಕೆಣಕಿದಳು. "ಒಪ್ಕೊಂಡ್ರೆ ಸರೇ ಅಂತೀವಿ. ಮಾಡಿದ್ರೆ ಅಯ್ಯಿಂದಿ. ಪೂರ್ತಿ ಮುಗಿದೇ ಹೋದ್ರೆ ಅಯಿಪೋಯಿಂದಿ. ನಿಮ್ ಕನ್ನಡದೋರು ಎಲ್ಲಕ್ಕೂ ಒಂದೇ ಚೊಂಬು ಇಟ್ಕೊಂಡಿದೀರಾ."

"ಲೇ, ನೀನೂ ಕನ್ನಡದೋಳೇ ಕಣಮ್ಮ."

"ಅರ್ಧ ಸಾರ್, ಅರ್ಧ."

ಅಂದಿನಿಂದ ನಮ್ಮ ಆಫೀಸಿನಲ್ಲಿ ಬರೀ 'ಆಯ್ತು' ನಿಷೇಧ. ಯಾರು ಅಂದರೂ ಉಳಿದವರು "ಯಾವ ಆಯ್ತು?" ಎಂದು ಕೇಳಬೇಕು. ಯಾನಪ್ಪ ಕಲಿತ ಮೊದಲ ಕನ್ನಡ ವಾಕ್ಯ ಅದೇ. "ಯಾವ ಐತು?" ಎನ್ನುತ್ತಿದ್ದ. ಗೌತಮಿ ಪಟ್ಟು ಹಿಡಿದು ತಿದ್ದಿದಳು.

ಎರಡನೇ ವಾಕ್ಯವನ್ನೂ ಅವಳೇ ಕಲಿಸಿದಳು: "ಊಟ ಆಯ್ತಾ?" ಕರೆ ಶುರುವಾದ ಕೂಡಲೇ ನಾವೆಲ್ಲ ಅವನನ್ನು ಊಟ ಆಯ್ತಾ ಎನ್ನುವುದು, ಅಲ್ಲಿ ಇನ್ನೂ ಬೆಳಗಿನ ಹೊತ್ತಾದ್ದರಿಂದ ಅವನು ಕಕ್ಕಾಬಿಕ್ಕಿಯಾಗುವುದು, ಇದು ನಡೆದೇ ಇತ್ತು. ಅದು ಊಟದ ಪ್ರಶ್ನೆಯಲ್ಲ, ನಮಸ್ಕಾರ ಇದ್ದ ಹಾಗೆ ಎಂದು ಅವಳು ತಿಳಿಹೇಳಿದ ಮೇಲೆ ಅವನು ನಮಗಿಂತ ಮೊದಲೇ, ಪಾವಗಡದವರ ಹಾಗೆ ಕೊನೆಯಲ್ಲಿ ರಾಗ ಎಳೆದು, "ಊಟ ಆಯ್ತಾ ಮೇಷ್ಟ್ರೇ?" ಎನ್ನತೊಡಗಿದ.

ಊಟದ ಮಾತು ಬಂತು, ನನ್ನ ಬಾಲ್ಯದ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಪುರವರದಲ್ಲಿ ನಮ್ಮ ಸೋದರತ್ತೆಯ ಮನೆ. ಅಲ್ಲಿಗೆ ಹೋಗುವ ಮೊದಲು ನಮ್ಮವ್ವ ದಾರಿಯುದ್ದಕ್ಕೂ ಪಾಠ ಹೇಳುವಳು: "ಅತ್ತೆ ಊಟ ಆಯ್ತಾ ಅಂದ್ರೆ ಆಯ್ತು ಅನ್ಬೇಕು ಕಣ್ಲಾ. ಉಂಡಿಲ್ಲ ಅಂದ್ಬುಟ್ಟೀಯಾ, ಹಸ್ಕೊಂಡ್ ಬಂದವ್ರೆ ಅನ್ಕೋತಾರೆ." ಒಂದು ಸಲ ಹೋದಾಗ ಮನೆ ತುಂಬ ಹೋಳಿಗೆಯ ವಾಸನೆ. ಅತ್ತೆ ನನ್ನ ಗಲ್ಲ ಹಿಡಿದು, "ಊಟ ಆಯ್ತೇನ್ಲಾ?" ಎಂದರು. ನಾನು ಅವ್ವನ ಮುಖ ನೋಡಿದೆ, ಒಲೆಯ ಕಡೆ ನೋಡಿದೆ, "ಆಗಿಲ್ಲ" ಎಂದೆ. ಅವ್ವ ಬೆನ್ನ ಹಿಂದಿನಿಂದ ತೊಡೆ ಚಿವುಟಿದ ಉರಿ ಎಂಥದ್ದೆಂದರೆ, "ಆಯ್ತು, ಆಯ್ತು, ಎರಡ್ ಸಲ ಆಯ್ತು" ಎಂದು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ನಗುತ್ತಾ ಹೋಳಿಗೆ ತಂದಿಟ್ಟರು. ಅಳುತ್ತಲೇ ತಿಂದೆ. ಇದನ್ನು ಹೇಳಿದಾಗ ಗೌತಮಿ ಮೇಜು ಕುಟ್ಟಿ ಕುಟ್ಟಿ ನಕ್ಕಳು. ನಕ್ಕು ಮುಗಿಸಿದ ಮೇಲೆ ಬಹಳ ಹೊತ್ತು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಅವಳ ಎದೆಯಲ್ಲಿ ಏನೋ ಇದೆ ಎಂದು ಮೊದಲು ಕಂಡುಹಿಡಿದವಳು ಸರೋಜ. ಆಫೀಸಿಗೆ ಮಜ್ಜಿಗೆ ತಂದುಕೊಡುವ ನೆಪದಲ್ಲಿ ಬಂದವಳು ಮನೆಗೆ ಹೋದ ಮೇಲೆ, "ಆ ಹುಡುಗಿ ಕಾಲು ನೋಡಿದ್ರಾ? ಊದ್ಕೊಂಡು ಚಪ್ಪಲಿ ಹಿಡೀತಿಲ್ಲ. ಮೆಟ್ಲಲ್ಲಿ ಬೆಟ್ಟ ನೋಡ್ತಾ ನಿಂತಿದ್ಲು. ಬೆಟ್ಟ ನೋಡೋಕಲ್ಲ ಕಣ್ರೀ, ಉಸಿರು ತಗೊಳ್ಳೋಕೆ" ಎಂದಳು. ಅವಳೇ ಕೂರಿಸಿಕೊಂಡು ಕೇಳಿ ಬಾಯಿ ಬಿಡಿಸಿದಳು. ಚಿಕ್ಕವಳಿದ್ದಾಗ ಕೀಲು ಕೀಲಿಗೂ ಜ್ವರ ಬಂದು, ಅದು ಹೃದಯಕ್ಕೆ ಇಳಿದು, ಒಳಗಿನ ಒಂದು ವಾಲ್ವ್ ಕಿರಿದಾಗಿದೆಯಂತೆ. ಮಾತ್ರೆಯಲ್ಲಿ ಇಷ್ಟು ದಿನ ನಡೆದಿದೆ. ಇನ್ನು ಅದನ್ನು ತೆರೆಸಬೇಕು ಅಂದಿದ್ದಾರೆ.

"ನಾವು ದಿನಾ ಮಾಡೋದು ಅದೇ ಅಲ್ವಾ ಅಕ್ಕಾ, ವಾಲ್ವ್ ತೆರೆಯೋ ಕೆಲ್ಸ" ಎಂದು ನಕ್ಕಳಂತೆ. ಸರೋಜಳಿಗೆ ನಗು ಬರಲಿಲ್ಲ. ತುಮಕೂರಿನಲ್ಲಿ ಹೃದಯದ ಡಾಕ್ಟರೊಬ್ಬರನ್ನು ನಾನೇ ವಿಚಾರಿಸಿ, ದಿನ ಗೊತ್ತುಮಾಡಿ ಕೊಟ್ಟೆ. ಜೊತೆಗೆ ಬರುತ್ತೇವೆ ಎಂದರೆ, "ಬ್ಯಾಡ ಸಾರ್, ಅಮ್ಮ ಬರ್ತಾಳೆ" ಎಂದಳು.

ಅದೇ ಸಮಯಕ್ಕೆ ಯಾನಪ್ಪ ಬರುವ ದಿನವೂ ಹತ್ತಿರವಾಗುತ್ತಿತ್ತು. ಗಡಿಯಾರವನ್ನು ಬಿಟ್ಟು ಗಿಡದ ಮಾತು ಕೇಳಿ ನೀರು ಬಿಡುವ ಹೊಸ ಪ್ರೋಗ್ರಾಮು ಅವಳ ಕೈಯಲ್ಲಿತ್ತು. ಅದು ಸರಿಹೋದರೆ ಆಫೀಸು ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಇಮ್ರಾನ್ ಹೊಸದಾಗಿ ಮದುವೆ ಗೊತ್ತಾದವನು, ಇನ್ನಿಬ್ಬರು ಹುಡುಗಿಯರು ಕೊಡಿಗೇನಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುತ್ತಾ ಕೆಲಸ ಕಲಿಯುತ್ತಿದ್ದರು. ಅವಳು ಅವರನ್ನೆಲ್ಲ ನೋಡಿ, "ಈ ಆಫೀಸು ನಿಲ್ಬೇಕು ಸಾರ್" ಎನ್ನುತ್ತಿದ್ದಳು. ನಾನು ತಮಾಷೆಗೆ, "ನಿಲ್ಲೋದು ಅಂದ್ರೂ ನಮ್ಮಲ್ಲಿ ಎರಡರ್ಥ ಕಣಮ್ಮ" ಎಂದೆ. "ನಿಮ್ ಕನ್ನಡದ ಸಹವಾಸ ಸಾಕು ಸಾರ್" ಎಂದು ಕೈಮುಗಿದಳು.

ಡಾಕ್ಟರ ದಿನ ಕಳೆದ ಮೇಲಿನ ಸೋಮವಾರ ಕೇಳಿದೆ: "ತೋರಿಸ್ಕೊಂಡಿದ್ದು ಆ..." ಅರ್ಧಕ್ಕೇ ನಿಲ್ಲಿಸಿ, "ತೋರಿಸ್ಕೊಂಡ್ಯಾ?" ಎಂದೆ. ಆಫೀಸಿನ ನಿಯಮ ನೋಡಿ.

"ಆಯ್ತು ಸಾರ್."

"ಯಾವ ಆಯ್ತು?"

"ಎರಡನೇದು ಸಾರ್" ಎಂದು ನಕ್ಕಳು. "ಏಮೀ ಲೇದಂತೆ, ಏನೂ ಇಲ್ವಂತೆ. ಮಾತ್ರೆ ಮುಂದುವರಿಸಿ ಅಂದ್ರು, ನಿಧಾನಕ್ಕೆ ಮಾಡಿಸಿದ್ರೆ ಸಾಕಂತೆ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮನೆಗೆ ಹೋಗಿ ಸರೋಜಳಿಗೆ ಹೇಳಿದೆ, ಯಾವ ಆಯ್ತು ಎಂದು ಕೇಳಿಯೇ ಖಾತ್ರಿ ಮಾಡಿಕೊಂಡಿದ್ದೇನೆ ಎಂದು ಬೀಗಿದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರದಿಂದ ಕಣ್ಣೆತ್ತಲಿಲ್ಲ. "ಊಟ ಆಯ್ತಾ ಅಂದ್ರೂ ಆ ಹುಡುಗಿ ಆಯ್ತು ಅಂತಾನೇ ಅನ್ನೋದು. ನೋಡಿದ್ರೆ ಡಬ್ಬಿ ಹಂಗೇ ಇರುತ್ತೆ. ಬರೀ ಕೇಳಿದ್ರೆ ಆಗಲ್ಲ ಕಣ್ರೀ, ಮುಚ್ಚಳ ತೆಗೆದು ನೋಡ್ಬೇಕು" ಎಂದಳು. ನಿನಗೆ ಎಲ್ಲದರಲ್ಲೂ ಅನುಮಾನ ಎಂದು ರೇಗಿ ನಾನು ಪೇಪರು ಬಿಡಿಸಿಕೊಂಡೆ.

ಯಾನಪ್ಪ ಬಂದ. ಈ ಸಲ ಬೆಟ್ಟದ ತಂಟೆಗೆ ಹೋಗಲಿಲ್ಲ. ಗೌತಮಿ ಪ್ರೋಗ್ರಾಮನ್ನು ನಡೆಸಿ ತೋರಿಸಿದಳು. ದೂರದ ಆ ದೇಶದಲ್ಲಿ ಒಂದು ಸಾಲು ಗಿಡಗಳು ನೀರು ಕೇಳಿದವು, ವಾಲ್ವ್ ತೆರೆಯಿತು, ಸಾಕು ಎಂದವು, ಮುಚ್ಚಿತು. ಯಾನಪ್ಪ ಎದ್ದು ನಿಂತು, "ಎರಡನೇ ಆಯ್ತು!" ಎಂದು ಕೂಗಿದ. ಆಫೀಸು ಉಳಿಯುತ್ತದೆ, ಇನ್ನೂ ಜನರನ್ನು ಹುಡುಕಿ, ಗೌತಮಿಯೇ ಅವರಿಗೆಲ್ಲ ಹಿರಿಯಳು ಎಂದ. ಇಮ್ರಾನನ ಚಾಚಾ ತುತ್ತೂರಿ ತಂದೇಬಿಟ್ಟಿದ್ದರು. ಮೆಟ್ಟಿಲ ಮೇಲೆ ನಿಂತು ಊದಿದ ಊದಿಗೆ ಕೆಳಗಿನ ಅಂಗಡಿಯವರೆಲ್ಲ ಮದುವೆ ದಿಬ್ಬಣ ಎಂದು ಹೊರಗೆ ಬಂದರು. ಗೌತಮಿ ಬುದ್ಧನನ್ನು ಎಲ್ಲರ ಕಡೆಗೂ ಒಮ್ಮೆ ತಿರುಗಿಸಿ, "ಈಗ ನೋಡು ಸ್ವಾಮಿ, ಚೆನ್ನಾಗ್ ನೋಡು" ಎಂದಳು. ಯಾನಪ್ಪ ಮಾರನೆಯ ದಿನ ತನ್ನೂರಿಗೆ ವಿಮಾನ ಹತ್ತಿದ. ಗೌತಮಿ ಆ ಶನಿವಾರ ಎಂದಿನಂತೆ ಪಾವಗಡದ ಬಸ್ಸು ಹತ್ತಿದಳು. ಸೋಮವಾರ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಊರಲ್ಲಿ ನೀರು ಸೇದಿ ತಂದು ಕೊಡ ಇಳಿಸಿದವಳು ಅಲ್ಲೇ ಕೂತಳಂತೆ. ಮತ್ತೆ ಏಳಲಿಲ್ಲ. ಸೋಮವಾರ ಬೆಳಿಗ್ಗೆ ಸುದ್ದಿ ಬಂತು. ನಾನು, ಸರೋಜ, ಇಮ್ರಾನ್ ಬಸ್ಸು ಹತ್ತಿದೆವು. ಪಾವಗಡ ದಾಟಿದ ಮೇಲೆ ಎರಡೂ ಕಡೆ ಸೋಲಾರ್ ಹಲಗೆಗಳು ಮುಗಿಯುವುದೇ ಇಲ್ಲ.

ಮನೆಯ ಮುಂದೆ ಜನ ನಿಂತಿದ್ದರು. ಒಳಗೆ ಅವಳ ಅಪ್ಪನ ಫೋಟೋ, ಬುದ್ಧನ ಫೋಟೋ, ಮುಂದೆ ಮೇಣದಬತ್ತಿ. ಅವಳು ನೆಲದ ಮೇಲೆ ಬಿಳಿ ಬಟ್ಟೆಯಲ್ಲಿ ಸಣ್ಣಗೆ ಮಲಗಿದ್ದಳು. ಆ ತಾಯಿ ನನ್ನನ್ನು ನೋಡಿದವರೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡು, "ಅಯಿಪೋಯಿಂದಿ ಸಾರೂ" ಎಂದರು. "ಎಲ್ಲಾ ಅಯಿಪೋಯಿಂದಿ."

ತುಮಕೂರಿನ ಡಾಕ್ಟರು ಏನೂ ಇಲ್ಲ ಅಂದಿದ್ದರಂತಲ್ಲ ತಾಯಿ ಎಂದು ಸರೋಜ ಕೇಳಿದಳು. ಆ ತಾಯಿ ಅವಳನ್ನೇ ನೋಡಿದರು. "ನೀವು ಕರ್ಕೊಂಡು ಹೋಗಿದ್ರಲ್ಲಮ್ಮಾ? ನೀನು ಬರೋದು ಬೇಡ, ಮೇಷ್ಟ್ರ ಮನೆಯೋರು ಬರ್ತಾರೆ ಅಂದ್ಲು." ಆಮೇಲೆ ತೆಲುಗಿನಲ್ಲಿ ಅಂದರು: "ಚೂಪಿಂಚುಕುಂಟಿವಾ ಅಂಟೆ, ಅಯ್ಯಿಂದಮ್ಮಾ ಅನಿಂದಿ." ತೋರಿಸಿಕೊಂಡೆಯಾ ಎಂದು ಕೇಳಿದರೆ, ಆಯಿತಮ್ಮಾ ಎಂದಳಂತೆ. ಆಫೀಸು ನಿಲ್ಲಲಿ, ಆಮೇಲೆ ಎಲ್ಲ ಮಾಡಿಸೋಣ ಎಂದು ಒಮ್ಮೆ ಮಾತ್ರ ಅಂದಿದ್ದಳಂತೆ.

ತಾಪತ್ರಯವೇ ಇಲ್ಲ ಎಂದು ಅವಳೇ ಹೊಗಳಿದ ತೆಲುಗಿನಲ್ಲೂ ಅವಳು, ತುಮಕೂರಿಗೆ ಹೋಗದೆಯೇ, 'ಅಯ್ಯಿಂದಿ' ಎಂದೇ ಹೇಳಿದ್ದಳು. ಕೇಳಿಸಿಕೊಂಡವರ ತಪ್ಪಲ್ಲ, ಭಾಷೆಯ ತಪ್ಪೂ ಅಲ್ಲ. ನಮಗೆ ಎರಡು ಆಯ್ತು ಕಲಿಸಿದವಳು ಮೂರನೆಯದನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು. ನಮ್ಮವ್ವ ಪುರವರದ ದಾರಿಯಲ್ಲಿ ನನಗೆ ಕಲಿಸಿದ್ದ, ಎದುರಿನವರಿಗೆ ತೊಂದರೆ ಆಗದಿರಲಿ ಎಂದು ಹಸಿದ ಹೊಟ್ಟೆಯಲ್ಲಿ ಹೇಳುವ ಆಯ್ತು. ನಾನು ಅದನ್ನು ಕಥೆ ಮಾಡಿ ಹೇಳಿ ಎಲ್ಲರನ್ನೂ ನಗಿಸಿದ್ದೆ, ಅವಳನ್ನೂ.

ಮಣ್ಣು ಮಾಡಿ ಸಂಜೆಗೆ ವಾಪಸು ಬಂದೆವು. ಸರೋಜ ಮನೆಗೆ ಹೋದಳು. ನಾನು ಮತ್ತು ಇಮ್ರಾನ್ ಸ್ನಾನ ಮಾಡಿ, ಯಾಕೆ ಹೋಗುತ್ತಿದ್ದೇವೆಂದು ತಿಳಿಯದೆ ಆಫೀಸಿಗೆ ಹೋದೆವು. ಮೆಟ್ಟಿಲ ತಿರುವಿನಲ್ಲಿ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ, ನಾವಿಬ್ಬರೂ ನಿಂತೆವು. ಬೆಟ್ಟ ಕಾಣುತ್ತಿತ್ತು.

ಕಂಪ್ಯೂಟರಿನಲ್ಲಿ ಯಾನಪ್ಪನ ಕರೆ ಬಂತು. ಇಮ್ರಾನ್ ಅವನಿಗೆ ಬೆಳಿಗ್ಗೆಯೇ ತಿಳಿಸಿದ್ದ. ಅವನ ಕಣ್ಣು ಊದಿಕೊಂಡಿತ್ತು. ದುಃಖದ ಇಂಗ್ಲಿಷ್ ನನಗೆ ಗೊತ್ತಿಲ್ಲ. ಅಷ್ಟು ವರ್ಷ ಟೈಪು ಮಾಡಿದ ಸಂತಾಪದ ಸಾಲುಗಳು ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ಅವನು, ತನಗೆ ಬರುವ ಕನ್ನಡದಲ್ಲೇ ಕೇಳಿದ.

"ಊಟ ಆಯ್ತಾ ಮೇಷ್ಟ್ರೇ?"

ಅದೇ ರಾಗ. ಕೊನೆಯಲ್ಲಿ ಅವಳು ಎಳೆಯುತ್ತಿದ್ದ ಪಾವಗಡದ ಎಳೆತ, ಹಾಗೇ ಇತ್ತು. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಒಂದು ಲೋಟ ನೀರು ಬಿಟ್ಟು ಏನೂ ಬಿದ್ದಿರಲಿಲ್ಲ.

"ಆಯ್ತು" ಎಂದೆ.

ಯಾನಪ್ಪ ನನ್ನನ್ನೇ ನೋಡುತ್ತಿದ್ದ. "ಯಾವ ಆಯ್ತು?" ಎಂದ.

ಬಾಯಿ ತೆರೆದೆ, ಅಳು ಬಂತು, ಪುರವರದ ಆ ಹುಡುಗನ ಹಾಗೆ ಗೊಳೋ ಎಂದು ಅತ್ತೆ. ಇಮ್ರಾನ್ ಎದ್ದು ಹೋಗಿ, ಅವನ ಅಮ್ಮ ಬೆಳಿಗ್ಗೆ ಕಟ್ಟಿಕೊಟ್ಟಿದ್ದ ಡಬ್ಬಿ ತಂದ. ಅವನೂ ಅದನ್ನು ಮುಟ್ಟಿರಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟು, "ತಿನ್ನಿ ಸಾರ್" ಎಂದ.

ಗೌತಮಿಯ ಮುಂದೆ ನಾವ್ಯಾರೂ ಹೀಗೆ ಮುಚ್ಚಳ ತೆಗೆದು ಇಟ್ಟಿರಲಿಲ್ಲ.